ದುಡಿ ಹಾಡು ರೆಕಾರ್ಡ್ ಮಾಡೋಕೆ ಸೌಂಡ್ ಕಾರ್ಡ್ ಬದಲಾಯಿಸಬೇಕಾ?

ಪ್ರಶ್ನೆ (ನಾಪೋಕ್ಲಿನಿಂದ): ಅಣ್ಣಾ, ನಮ್ಮ ಅಜ್ಜನಿಗೆ 82 ಆಯ್ತು. ಹುತ್ತರಿಗೆ ಮನೆಮನೆಗೂ ಹೋಗಿ ದುಡಿ (ಕೈಯಲ್ಲಿ ಹಿಡಿಯೋ ಸಣ್ಣ ಚರ್ಮವಾದ್ಯ) ಹೊಡೆದು ಹಾಡ್ತಿದ್ದವರು. ಅವರ ದನಿ ಉಳಿಸಿಕೊಳ್ಳಬೇಕು ಅಂತ ಹಳೇ ಲ್ಯಾಪ್‌ಟಾಪಿನ ಗುಲಾಬಿ ಜಾಕಿಗೆ, ಹಬ್ಬಕ್ಕೆ ಬಳಸೋ ಕೈಮೈಕನ್ನೇ ಕನ್ವರ್ಟರ್ ಹಾಕಿ ಸಿಕ್ಕಿಸಿದೆ. ಹಾಡಿನ ಹಿಂದೆ ಇಡೀ ಹೊತ್ತು ‘ಗುಂಯ್’ ಅನ್ನುತ್ತೆ. ದುಡಿಯ ಪೆಟ್ಟು ಬಿದ್ದಲ್ಲೆಲ್ಲ ದನಿ ಒಡೆಯುತ್ತೆ. ಅಜ್ಜನ ಹಾಡು ಹೆಡ್‌ಫೋನಿನಲ್ಲಿ ಕೇಳ್ತಾ ನಾನು ದನಿಗೂಡಿಸಿದರೆ ನನ್ನ ದನಿ ನನಗೇ ತಡವಾಗಿ ಬರುತ್ತೆ. ಅಂಗಡಿಯವರು ಸೌಂಡ್ ಕಾರ್ಡ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಅಂಕಿಯಾಗಿಸೋ ಭಾಗ) ಬದಲಾಯಿಸಿ ಅಂತಾರೆ. ಏನು ಮಾಡಲಿ?

ಉತ್ತರ (ರೆಕಾರ್ಡಿಂಗ್ ಎಂಜಿನಿಯರ್, ಮಡಿಕೇರಿ): ದುಡ್ಡು ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಗುಂಯ್ ಹೋದರೆ ಅದು ಕಾರ್ಡಿನ ತಪ್ಪಲ್ಲ, 50 ಹರ್ಟ್ಸ್ ಕರೆಂಟು ಅರ್ಥಿಂಗ್ ದಾರಿಯಲ್ಲಿ ಒಳಗೆ ನುಗ್ಗಿದ್ದು. ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಮಾಡಿದರೆ ಇನ್ನೂ ಕರ್ಕಶ. ಕೆಲವರು ಹಮ್ಮಿಂಗ್ ಕಳೆಯೋಕೆ ಪ್ಲಗ್ಗಿನ ಅರ್ಥ್ ಪಿನ್ನೇ ಕತ್ತರಿಸ್ತಾರೆ. ದಯವಿಟ್ಟು ಆ ಕೆಲಸ ಬೇಡ, ಶಾಕ್ ಹೊಡೆದೀತು.

ಪ್ರಶ್ನೆ: ಮಾಡಿದೆ ಅಣ್ಣಾ. ಗುಂಯ್ ಹೋಯ್ತು! ಆದರೆ ‘ಸುಸ್’ ಅಂತ ಒಂದು ಸದ್ದು ಉಳಿದಿದೆ. ದನಿ ಒಡೆಯೋದೂ ನಿಂತಿಲ್ಲ.

ಉತ್ತರ: ಅದಕ್ಕೆ ಕಾರ್ಡೇ ಕಾರಣ, ಅಂಗಡಿಯವರು ಅರ್ಧ ಸರಿ. ಆ ಗುಲಾಬಿ ಜಾಕ್ ಇರೋದು ಮಾತಾಡುವ ಹೆಡ್‌ಸೆಟ್ಟಿನ ಸಣ್ಣ ಮೈಕಿಗೆ. ನಿಮ್ಮ ಕೈಮೈಕಿನಿಂದ ಬರೋದು ಕೆಲವೇ ಮಿಲಿವೋಲ್ಟ್. ಅದನ್ನು ಎತ್ತೋಕೆ ಸೆಟ್ಟಿಂಗಿನಲ್ಲಿ ‘ಮೈಕ್ ಬೂಸ್ಟ್’ ಏರಿಸಿರ್ತೀರಿ. ಅಜ್ಜನ ದನಿ ಏರಿದ ಹಾಗೇ ಒಳಗಿನ ಸರ್ಕ್ಯೂಟಿನ ಸುಸ್ ಕೂಡ ಏರುತ್ತೆ. ದುಡಿಯ ಪೆಟ್ಟು ಬಿದ್ದಾಗ ಅದೇ ಬೂಸ್ಟಿನಲ್ಲಿ ಅಲೆಯ ತುದಿ ಕತ್ತರಿಸಿಹೋಗುತ್ತೆ. ಹಾಗೆ ಒಡೆದ ದನಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡದು.

ಯುಎಸ್‌ಬಿಗೆ ಹಾಕುವ ಹೊರಗಿನ ಬಾಕ್ಸ್, ಅಂದರೆ ಆಡಿಯೋ ಇಂಟರ್‌ಫೇಸ್, ತಗೊಳ್ಳಿ. ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಮೈಕ್ ಸಾಕೆಟ್, ಎರಡಕ್ಕೂ ಬೇರೆಬೇರೆ ಗೇನ್ ತಿರುಪು, ಅಂದರೆ ಮೈಕಿನ ದನಿ ಏರಿಸಿ ಇಳಿಸೋ ತಿರುಪು, ಇರಲಿ. ಒಂದು ಮೈಕ್ ಅಜ್ಜನಿಗೆ, ಇನ್ನೊಂದು ಸ್ವಲ್ಪ ದೂರದಲ್ಲಿ ದುಡಿಗೆ. 48 ವೋಲ್ಟಿನ ಬಟನ್ ನಿಮ್ಮ ಮೈಕಿಗೆ ಬೇಕಿಲ್ಲ, ಅದು ಹೊರಗಿನಿಂದ ಕರೆಂಟು ಬೇಕಾಗೋ ಕಂಡೆನ್ಸರ್ ಮೈಕಿಗೆ. ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ 24 ಬಿಟ್ (ದನಿಯ ಒಂದೊಂದು ಅಳತೆ ಎಷ್ಟು ನಯ ಅನ್ನೋದು) ಇಟ್ಟು, ದುಡಿಯ ಅತಿ ಜೋರಿನ ಪೆಟ್ಟೂ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಗೇನ್ ಇಳಿಸಿ; ಸೊನ್ನೆ ದಾಟಿದರೆ ದನಿ ಒಡೆಯುತ್ತೆ. ನೋಡೋಕೆ ಕಮ್ಮಿ ಅನಿಸುತ್ತೆ, ಹೆದರಬೇಡಿ. ಅತಿ ಮೆಲು ದನಿಗೂ ಅತಿ ಜೋರಿಗೂ ನಡುವೆ 16 ಬಿಟ್ಟಿನಲ್ಲಿ ಲೆಕ್ಕಕ್ಕೆ 96 ಡೆಸಿಬೆಲ್ ಅಂತರ ಸಿಗುತ್ತೆ, 24ರಲ್ಲಿ 144. ಯಾವ ಬಾಕ್ಸೂ ನಿಜವಾಗಿ ಅಷ್ಟು ಕೊಡಲ್ಲ, ಆದರೂ ಆಮೇಲೆ ಏರಿಸಿಕೊಳ್ಳೋಕೆ ಧಾರಾಳ.

ಇನ್ನು ತಡದ ವಿಷಯ. ಕಾರ್ಡು ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತೆ. ಅಳತೆಯನ್ನು ಒಂದೊಂದಾಗಿ ಕೊಡದೆ ಕಟ್ಟುಕಟ್ಟಿ ಕಂಪ್ಯೂಟರಿಗೆ ದಾಟಿಸುತ್ತೆ. ಆ ಕಟ್ಟೇ ಬಫರ್. ಕಟ್ಟಿಗೆ 1024 ಅಳತೆ ಇದ್ದರೆ ಒಂದು ದಿಕ್ಕಿಗೇ 23 ಮಿಲಿಸೆಕೆಂಡ್. ಗಾಳಿಯಲ್ಲಿ ದನಿ ಅಷ್ಟರೊಳಗೆ 8 ಮೀಟರ್ ಹೋಗುತ್ತೆ. ಹೋಗಿ ಬರೋಕೆ ಎರಡರಷ್ಟು, ಅಂದರೆ ಅಂಗಳದ ಆ ತುದಿಯಲ್ಲಿ ನಿಂತವನ ಜೊತೆ ತಾಳ ಹಿಡಿದ ಹಾಗೆ! 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡ್, ಪಕ್ಕದಲ್ಲೇ ನಿಂತ ಹಾಗೆ. ಲ್ಯಾಪ್‌ಟಾಪ್ ಹಳೇದಾದರೆ ಅಷ್ಟು ಇಳಿಸಿದಾಗ ಟಿಕ್ ಟಿಕ್ ಅನ್ನಬಹುದು. ಬಾಕ್ಸಿನಲ್ಲಿ ‘ಡೈರೆಕ್ಟ್ ಮಾನಿಟರ್’ ಬಟನ್ ಇದ್ದರೆ ಈ ರಗಳೆಯೇ ಇಲ್ಲ: ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರೋದಕ್ಕೆ ಕಾಯದೆ ನೇರ ಹೆಡ್‌ಫೋನಿಗೆ ಬರುತ್ತೆ. ಕೊಳ್ಳುವಾಗ ಮೊದಲು ಆ ಬಟನ್ ನೋಡಿ, ಬ್ರ್ಯಾಂಡ್ ಆಮೇಲೆ.

ಇನ್ನೊಬ್ಬರು (ಸೋಮವಾರಪೇಟೆಯಿಂದ): ಸರ್, ಕಂಪ್ಯೂಟರಿನ ಒಳಗೆ ಸ್ಲಾಟಿಗೆ ಸಿಕ್ಕಿಸೋ ಹಳೇ ಪಿಸಿಐ ಸೌಂಡ್ ಕಾರ್ಡ್ ಒಂದು ಅಟ್ಟದಲ್ಲಿದೆ. ಅದಾಗಲ್ವಾ? ಮತ್ತೆ 192 ಕಿಲೋಹರ್ಟ್ಸಿನಲ್ಲಿ ಮಾಡಿದರೆ ಒಳ್ಳೇದಾ?

ಉತ್ತರ: ಅಟ್ಟದಲ್ಲೇ ಇರಲಿ ಸರ್. ಈಗಿನ ಹೆಚ್ಚಿನ ಮದರ್‌ಬೋರ್ಡಿನಲ್ಲಿ ಆ ಸ್ಲಾಟೇ ಇಲ್ಲ. ಇದ್ದರೂ ಡ್ರೈವರ್ ಸಿಗೋದು ಕಷ್ಟ. ಎರಡನೇದಕ್ಕೆ, ನಮ್ಮ ಕಿವಿಗೆ ಕೇಳೋದು ಹೆಚ್ಚೆಂದರೆ 20,000 ಹರ್ಟ್ಸ್. ಅದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು ಸಲ ಅಳೆದರೆ ಸಾಕು, 44,100 ಅದಕ್ಕೇ. 192 ಹಾಕಿ ಸೆಕೆಂಡಿಗೆ 1,92,000 ಸಲ ಅಳೆದರೆ ತುಂಬೋದು ಹಾರ್ಡ್ ಡಿಸ್ಕ್ ಮಾತ್ರ.

ನಾಪೋಕ್ಲಿನವರಿಗೆ ಇನ್ನೊಂದು ಮಾತು. ಕಕ್ಕಡದ (ಆಟಿ ತಿಂಗಳ) ಮಳೆ ಹೆಂಚಿನ ಮೇಲೆ ಸುರಿಯೋ ಸದ್ದನ್ನು ಯಾವ ಕಾರ್ಡೂ ತೆಗೆಯಲ್ಲ. ಮಳೆ ಬಿಡೋವರೆಗೆ ಕಾಯಿರಿ. ಗುಡುಗು ಶುರುವಾದರೆ ಎಲ್ಲ ವೈರೂ ಕಿತ್ತಿಡಿ. ಮೈಕನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತೆ.

ಪ್ರಶ್ನೆ: ಅಣ್ಣಾ, ಶನಿವಾರ ಅಜ್ಜನನ್ನೇ ನಿಮ್ಮಲ್ಲಿಗೆ ಕರ್ಕೊಂಡು ಬರಲಾ?

ಉತ್ತರ: ನೀವೊಬ್ಬರೇ ಬನ್ನಿ, ಮೈಕು ಲ್ಯಾಪ್‌ಟಾಪ್ ತನ್ನಿ. ನನ್ನ ಹಳೇ ಬಾಕ್ಸ್ ಎರಡು ದಿನಕ್ಕೆ ಕೊಡ್ತೀನಿ. ನನ್ನ ಎಸಿ ರೂಮಿನಲ್ಲಿ ಕೂರಿಸಿದರೆ ಅಜ್ಜ ಎರಡು ಸಾಲಿಗೇ ಕೆಮ್ಮಿ ಎದ್ದುಬಿಡ್ತಾರೆ. ನಿಮ್ಮ ಐನ್‌ಮನೆ (ಕುಟುಂಬದ ಮೂಲಮನೆ) ಕೈಯಾಲೆಯಲ್ಲೇ, ಅಂದರೆ ಜಗಲಿಯಲ್ಲೇ, ಕೂತು ಹಾಡಲಿ. ಕೋಳಿಗಳನ್ನು ಮಾತ್ರ ಒಳಗೆ ಹಾಕಿ.