ಕಡಲಂಚಿನ ಭೂಕಂಪದ ಮಾಡೆಲ್: ಹಾಳಿ ಉಬ್ಬಲಾಕತ್ತಿಲ್ಲ, ಏನ್ ಮಾಡ್ಲಿ?

ಮಾಸ್ತರ್_ಯಾದಗಿರಿ:
ವಿಜ್ಞಾನ ಮೇಳಕ್ಕ ಹುಡುಗ್ರ ಜೋಡಿ 2004ರ ಅಂಡಮಾನ್ ಭೂಕಂಪದ ಮಾಡೆಲ್ ಮಾಡ್ಲಾಕತ್ತೀನ್ರಿ. ತಳಕ್ಕ ಶಹಾಬಾದ್ ಫರ್ಸಿ, ಮ್ಯಾಲ ಭಾರತ ಫಲಕ (ಫಲಕ ಅಂದ್ರ ಭೂಮಿಯ ಹೊರಪದರಿನ ದೊಡ್ಡ ತುಂಡು) ಅಂತ ಸರಿಯೋ ಹಲಗಿ, ಅದರ ಮ್ಯಾಲ ಬರ್ಮಾ ಫಲಕ ಅಂತ ಎಕ್ಸ್‌ರೇ ಹಾಳಿ (ಅವ್ವನ ಮೊಣಕಾಲಿಂದು). ಹಲಗಿ ದೂಡಿದ್ರ ಹಾಳಿ ಅನಾಮತ್ತಾಗಿ ಹಿಂದ ಸರೀತದ. ಫೆವಿಕಾಲ್ ಹಚ್ಚಿದೆ, ಆಮ್ಯಾಲ ಬಿಡೋದೇ ಇಲ್ಲ.

ಸೇಡಂ_ಬಡಗಿ:
ಫೋಟೋದಾಗ ಹಾಳಿಯ ಹಿಂದಿನ ತುದಿ ಬಿಡಿ ಕಾಣ್ತದ. ಅದೇ ರೋಗ. ಪಟ್ಟಿ ಇಟ್ಟು ಎರಡು ಮೊಳಿ ಹೊಡೀರಿ. ಫೆವಿಕಾಲ್ ಕೆರೆದು ತೆಗೀರಿ, ಖರೇ ಫಲಕಗಳ ನಡುವ ಅಂಟು ಇರೂದಿಲ್ಲ, ಬರೇ ತಿಕ್ಕಾಟ. ಹಲಗಿಗೂ ಹಾಳಿಯ ಮುಂದಿನ ಅಂಚಿಗೂ ಎರಡು ಬೆರಳಗಲ ಪಾಲಿಶ್ ಪೇಪರ್ ಹಚ್ಚಿ, ಉಳಿದ ಕಡೆ ಪೌಡರ್ ಉದುರಸ್ರಿ. ಹಲಗಿಯ ಕಡಲ ಕಡೆ ತುದಿಗೆ ಎರಡು ನೋಟ್‌ಬುಕ್ ಕೊಟ್ಟು ಎತ್ತರಸ್ರಿ. ಇಳಿಜಾರಿಲ್ಲದೇ ಅಂಚು ಕೆಳಗ ಹೋಗಂಗಿಲ್ಲ.

ಇನ್ನೊಂದು. ಅಂಚಿಗೆ ಕೆಂಪು ಗುಂಡುಪಿನ್, ಉಬ್ಬಿಗೆ ನೀಲಿ ಚುಚ್ಚಿ. ಅಂಚು ಬಿಟ್ಟ ಕ್ಷಣ ಕೆಂಪು ಮ್ಯಾಲ ಜಿಗೀತದ, ನೀಲಿ ಕುಸೀತದ. ಡಿಸೆಂಬರ್ 26ಕ್ಕ ಆಗಿದ್ದು ಅದೇ: ಉತ್ತರ ಅಂಡಮಾನದ ಪಶ್ಚಿಮ ದಂಡಿ ಎದ್ದು ಹವಳದ ದಿಬ್ಬ ಬಿಸಿಲಿಗೆ ಬಿದ್ದವು, ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ಇಳೀತು. ದಕ್ಷಿಣದ ಇಂದಿರಾ ಪಾಯಿಂಟ್ ನಾಲ್ಕು ಮೀಟರ್‌ಗೂ ಹೆಚ್ಚು ಕುಸಿದು ದೀಪಸ್ತಂಭದ ಬುಡಕ್ಕ ನೀರು ಬಂತು. ಸುನಾಮಿ ಎಬ್ಬಿಸಿದ್ದೂ ಕೆಂಪು ಪಿನ್ ಕಡೆಯ ಕಡಲತಳ ಎದ್ದದ್ದೇ.

ಬೀದರ್_ರೇಡಿಯೋ:
ಅಂಡಮಾನ್ ಯಾಕ್ರಿ, ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ತೋರಸ್ರಿ. ನಮ್ಮ ಮಂದಿ ವಾರಗಟ್ಟಲೆ ಅಂಗಳದಾಗ ಮಲಗಿದ್ದು ಅದಕ್ಕೇ.

ಸೇಡಂ_ಬಡಗಿ:
ಈ ಹಲಗಿ ಮ್ಯಾಲ ಆಗಂಗಿಲ್ಲ ಅಣ್ಣ. 1993ರದು ಫಲಕದ ನಟ್ಟನಡುವ ಆದದ್ದು. ಅಲ್ಲಿ ಒಂದರ ಕೆಳಗ ಒಂದು ನುಗ್ಗೋ ಅಂಚೇ ಇಲ್ಲ. ಅದಕ್ಕ ಬ್ಯಾರೆ ಮಾಡೆಲ್ ಬೇಕು.

ಮಾಸ್ತರ್_ಯಾದಗಿರಿ:
ಉಬ್ಬತು! ಮೊಳಿ ಹೊಡದದ್ದೇ ತಡ. ಪೇಪರ್ ಮೊದಲು ಬಲೇ ಒರಟಿತ್ತು, ಹಾಳಿ ಮಡಚತು; ನಯ ಇರೋದು ಹಾಕಿದೆ. ಈಗ ಒಂದೇ ತಕರಾರು. ಒಮ್ಮೆ ಆರು ಸಲ ದೂಡಿದ್ರ ಬಿಡ್ತದ, ಒಮ್ಮೆ ಒಂಬತ್ತು ಸಲ. ಸರಿ ಮಾಡೋದು ಹೆಂಗ?

ಸೇಡಂ_ಬಡಗಿ:
ಸರಿ ಮಾಡಬ್ಯಾಡ್ರಿ. ಹುಡುಗ್ರ ಕೈಲೆ ಎಣಿಸಿ ಬರಸ್ರಿ, ಹಾಳಿ ಪಕ್ಕ ಅಂಟಸ್ರಿ. ಮುಂದಿನ ಭೂಕಂಪ ಯಾವಾಗ ಅಂತ ನೋಡಾಕ ಬಂದವರು ಕೇಳೇ ಕೇಳ್ತಾರ, ಆಗ ಈ ಎಣಿಕೆನೇ ತೋರಸ್ರಿ.