‘ಅಜ್ಜಿಮನೆ’ ಗುಂಪು, ಜೂನ್ 17ರ ರಾತ್ರಿ

2021ರ ಜೂನ್ 17, ಗುರುವಾರ. ಮಾರನೇ ದಿನ ಹಾಸನದ ದೊಡ್ಡಪ್ಪಂಗೆ ಕೋವ್ಯಾಕ್ಸಿನ್ ಎರಡನೇ ಡೋಸ್ ಇತ್ತು. ಏಪ್ರಿಲ್ ಕೊನೇಲಿ ಮೊದಲನೇದು ಆಗಿತ್ತು, ಆರು ವಾರದೊಳಗೆ ಆಗಬೇಕಿದ್ದ ಎರಡನೇದು ಸ್ಟಾಕ್ ಇಲ್ಲದೆ ಮುಂದೆ ಮುಂದೆ ಹೋಗ್ತಾ ಏಳನೇ ವಾರಕ್ಕೆ ಬಂದಿತ್ತು. ಅವತ್ತು ಗುಂಪಲ್ಲಿ ನಡೆದಿದ್ದನ್ನ ಮನೆಯವರನ್ನ ಕೇಳಿಕೊಂಡೇ ಇಲ್ಲಿ ಹಾಕ್ತಿದೀನಿ. ಹೆಸರುಗಳು ನನ್ನ ಫೋನಲ್ಲಿ ಸೇವ್ ಆಗಿರೋ ಹಾಗೆ.

ಮೈಸೂರತ್ತೆ (ರಾತ್ರಿ 8:12, ಫಾರ್ವರ್ಡ್): ಎಚ್ಚರ!! ಕೋವ್ಯಾಕ್ಸಿನ್ ಲಸಿಕೆಯಲ್ಲಿ 20 ದಿನವೂ ತುಂಬದ ಎಳೆಗರುವಿನ ರಕ್ತ!! ಸರ್ಕಾರವೇ ಒಪ್ಪಿಕೊಂಡಿದೆ!! ಹಾಕಿಸಿಕೊಳ್ಳುವ ಮುನ್ನ ಯೋಚಿಸಿ. ಎಲ್ಲರಿಗೂ ತಲುಪಿಸಿ.

ಮೈಸೂರತ್ತೆ: ಅಣ್ಣ ಇದನ್ನ ಓದು. ನಾಳೆ ಹೊರಡೋಕೆ ಮುಂಚೆ ಓದು

ಹಾಸನ ದೊಡ್ಡಪ್ಪ: ಓದಿದೆ. ಮನಸ್ಸಿಗೆ ಬಹಳ ಬೇಸರವಾಯಿತು. ನಮ್ಮ ಮನೆಯಲ್ಲಿ ಕರು ಕುಡಿದು ಬಿಟ್ಟ ಮೇಲೆಯೇ ಹಾಲು ಕರೆಯುತ್ತಿದ್ದದ್ದು. ಅಮ್ಮ ಅದರಲ್ಲಿ ಒಂದು ದಿನವೂ ತಪ್ಪಿದವಳಲ್ಲ. ಆ ಮನೆಯಲ್ಲಿ ಹುಟ್ಟಿ ಇಂಥದ್ದನ್ನು ಮೈಗೆ ಸೇರಿಸಿಕೊಳ್ಳುವುದೇ? ನಾಳೆಯ ವಿಚಾರ ಮತ್ತೊಮ್ಮೆ ಯೋಚಿಸುತ್ತೇನೆ.

ನಾನು: ಅತ್ತೆ ಇದು ಎಲ್ಲಿಂದ ಬಂತು? ಬರೆದೋರು ಯಾರು?

ಮೈಸೂರತ್ತೆ: ನಮ್ಮ ಭಜನಾ ಮಂಡಳಿ ಗುಂಪಲ್ಲಿ ಬಂತು. ಅಲ್ಲಿರೋರೆಲ್ಲ ಓದ್ದೋರೇ, ಸುಮ್‌ಸುಮ್ನೆ ಯಾಕೆ ಕಳಿಸ್ತಾರೆ

ಬೆಳಗಾವಿ ಅಣ್ಣ: 2000 ರೂಪಾಯಿ ನೋಟಲ್ಲಿ ಚಿಪ್ ಇದೆ ಅಂತ ಬಂದಿದ್ದೂ ಅದೇ ಮಂಡಳಿಯಿಂದಲೇ ಅಲ್ವಾ ಅತ್ತೆ

ಮೈಸೂರತ್ತೆ: ನಿನ್ನ ಗೃಹಪ್ರವೇಶಕ್ಕೆ ಮನೆಗೆ ಬಂದು ಕರೀಲಿಲ್ಲ, ವಾಟ್ಸಾಪಲ್ಲೇ ಕಾರ್ಡ್ ಹಾಕ್ದೆ. ಅದನ್ನ ನಂಬ್ಕೊಂಡು ನಾನು ಬಸ್ ಹತ್ತಿ ಬಂದೆ ತಾನೆ. ಈಗ ವಾಟ್ಸಾಪ್ ಸುಳ್ಳಾಯ್ತಾ

ಬೆಳಗಾವಿ ಅಣ್ಣ: ಅತ್ತೆ ಅದನ್ನ ಯಾಕೆ ಈಗ ತೆಗೀತೀರ

ನಾನು: ಅಣ್ಣ ಸ್ವಲ್ಪ ಇರು. ದೊಡ್ಡಪ್ಪ, ಇದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ, ಹಾಗೆ ಹೇಳಿದ್ರೆ ನಾಳೆ ಇನ್ಯಾರೋ ಆರ್‌ಟಿಐ ಕಾಗದ ತೋರಿಸ್ತಾರೆ, ಆಮೇಲೆ ನನ್ನ ಮಾತನ್ನೂ ನೀವು ನಂಬಲ್ಲ. ಕರುವಿನ ಸೀರಮ್, ಅಂದ್ರೆ ರಕ್ತದಿಂದ ಬೇರ್ಪಡಿಸಿದ ತಿಳಿ, ಬಳಸ್ತಾರೆ, ಅದು ನಿಜ. ಎಲ್ಲಿ ಅಂದ್ರೆ, ವೈರಸ್ ತಾನಾಗೇ ಬೆಳೆಯಲ್ಲ, ಅದಕ್ಕೆ ಜೀವಕೋಶ ಬೇಕು, ವೀರೋ ಅಂತ ಜೀವಕೋಶ, 1962ರಲ್ಲಿ ಜಪಾನಲ್ಲಿ ಕೋತಿಯ ಮೂತ್ರಪಿಂಡದಿಂದ ತೆಗೆದಿದ್ದು, ಅವತ್ತಿಂದ ಲ್ಯಾಬಲ್ಲಿ ಬೆಳೀತಾನೇ ಇದೆ. ಆ ಜೀವಕೋಶಕ್ಕೆ ಈ ಸೀರಮ್ ಗೊಬ್ಬರ ಇದ್ದ ಹಾಗೆ. ಬೆಳೆದ ಮೇಲೆ ನೀರಲ್ಲಿ, ರಾಸಾಯನಿಕದಲ್ಲಿ ಎಷ್ಟೋ ಸಲ ತೊಳೀತಾರೆ, ಆಮೇಲೆ ವೈರಸ್ ಬಿಡ್ತಾರೆ, ವೈರಸ್ ಬೆಳೀತಾ ಬೆಳೀತಾ ಆ ಜೀವಕೋಶಗಳೇ ನಾಶ ಆಗ್ತವೆ, ಕೊನೆಗೆ ವೈರಸ್ಸನ್ನೂ ಸಾಯಿಸಿ ಶುದ್ಧ ಮಾಡಿ ಅದನ್ನ ಸೀಸೆಗೆ ತುಂಬೋದು. ಸೀಸೆಯೊಳಗೆ ಕರುವಿನ ಸೀರಮ್ ಇಲ್ಲ ಅಂತ ಕೇಂದ್ರ ಆರೋಗ್ಯ ಸಚಿವಾಲಯ ನಿನ್ನೇನೇ ಹೇಳಿದೆ. ಪೋಲಿಯೋ, ರೇಬಿಸ್ ಲಸಿಕೆಗಳಿಗೂ ಇದೇ ಥರ ದಶಕಗಳಿಂದ ಬಳಸ್ತಿದ್ದಾರೆ. ಅತ್ತೆ, ಮೊಮ್ಮಗುಗೆ ಪೋಲಿಯೋ ಹನಿ ಹಾಕಿಸೋಕೆ ನೀವೇ ಎತ್ಕೊಂಡು ಹೋಗಿದ್ರಲ್ಲ

ಮೈಸೂರತ್ತೆ: ಇಷ್ಟುದ್ದ ಯಾರು ಓದ್ತಾರೆ

ಹಾಸನ ದೊಡ್ಡಪ್ಪ: ನಾನು ಓದಿದೆ ಮಗು. ಆದರೆ ತೊಳೆದ ಮಾತ್ರಕ್ಕೆ ಆಯಿತೇ? ಕರು ಸತ್ತದ್ದು ಸತ್ತದ್ದೇ ತಾನೆ.

ನಾನು: ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ದೊಡ್ಡಪ್ಪ. ಅದು ದೊಡ್ಡ ಪ್ರಶ್ನೆ, ಕೇಳಬೇಕಾದ್ದೇ. ಆದ್ರೆ ಮೆಸೇಜು ಕೇಳ್ತಿರೋದು ಅದನ್ನಲ್ಲ, ಸೀಸೇಲಿ ರಕ್ತ ಇದೆ ಅಂತ ಹೆದರಿಸ್ತಿದೆ

ಟೆಕ್ಸಾಸ್ ಚಿನ್ನು: ಈಗ ಎದ್ದು ಕೂತು ನೋಡ್ತಿದೀನಿ, ಏನಿದೆಲ್ಲ. ದೊಡ್ಡಪ್ಪ ನೀವು ಮೊದಲೇ ಕೋವ್ಯಾಕ್ಸಿನ್ ಹಾಕಿಸ್ಕೋಬಾರ್ದಿತ್ತು. ಅದಿನ್ನೂ ಡಬ್ಲ್ಯುಎಚ್‌ಓ ಪಟ್ಟೀಲೇ ಇಲ್ಲ, ಇಲ್ಲಿಗೆ ಬರೋಕೆ ತೊಂದ್ರೆ ಆಗುತ್ತೆ. ಫೈಜರ್ ಬರೋವರೆಗೂ ಕಾಯಬಹುದಿತ್ತು

ಹಾಸನ ದೊಡ್ಡಪ್ಪ: ನೀನು ನನ್ನನ್ನು ಅಮೆರಿಕಕ್ಕೆ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಮೂರು ವರ್ಷವಾಯಿತು ಚಿನ್ನು.

ಟೆಕ್ಸಾಸ್ ಚಿನ್ನು: ದೊಡ್ಡಪ್ಪ ವೀಸಾ ಕಥೆ ನಿಮಗೆ ಗೊತ್ತಲ್ಲ

ನಾನು: ಫೈಜರ್‌ನೋರು ಫೆಬ್ರವರೀಲೇ ಇಲ್ಲಿ ಹಾಕಿದ್ದ ಅರ್ಜಿ ವಾಪಸ್ ತಗೊಂಡಿದಾರೆ ಚಿನ್ನು. ಅವತ್ತು ಹಾಸನದ ಆಸ್ಪತ್ರೇಲಿ ಇದ್ದಿದ್ದು ಕೋವ್ಯಾಕ್ಸಿನ್, ಅವರಿಗೆ ಸಿಕ್ಕಿದ್ದು ಅದು. ಆಯ್ಕೆ ಅಂತ ಮಾತಾಡೋಕೆ ಇಲ್ಲಿ ಎರಡೂ ಲಸಿಕೆ ಒಂದೇ ದಿನ ಎಷ್ಟು ಕಡೆ ಸಿಗುತ್ತೆ ಹೇಳು. ಹದಿನೆಂಟರಿಂದ ನಲವತ್ನಾಲ್ಕರವರಿಗೆ ಹಾಕೋದನ್ನ ಮೇ 14ರಿಂದ ನಿಲ್ಲಿಸಿದ್ದೇ ಇಂಥವರ ಎರಡನೇ ಡೋಸಿಗೆ ಸಾಲದು ಅಂತ

ಹಾಸನ ದೊಡ್ಡಪ್ಪ: ಹಾಗಾದರೆ ಎರಡನೆಯದು ಕೋವಿಶೀಲ್ಡ್ ಹಾಕಿಸಿಕೊಂಡರಾಗದೇ?

ನಾನು: ಆಗಲ್ಲ ದೊಡ್ಡಪ್ಪ, ಮೊದಲನೇದು ಯಾವುದೋ ಎರಡನೇದೂ ಅದೇ ಅಂತ ನಿಯಮ. ಎರಡೂ ಬೇರೆ ಬೇರೆ ಥರದ್ದು. ನಿಮ್ಮದು ಸತ್ತ ವೈರಸ್ಸು. ಕೋವಿಶೀಲ್ಡಲ್ಲಿ ಚಿಂಪಾಂಜಿಗೆ ನೆಗಡಿ ತರೋ ವೈರಸ್ಸನ್ನ ಬೆಳೆಯದ ಹಾಗೆ ಮಾಡಿ, ಅದರೊಳಗೆ ಕೊರೊನಾ ವೈರಸ್ಸಿನ ಮೈಮೇಲಿರೋ ಮುಳ್ಳನ್ನ ತಯಾರಿಸೋ ಸೂಚನೆ ಇಟ್ಟು ಕಳಿಸ್ತಾರೆ. ಕೋವ್ಯಾಕ್ಸಿನ್ ಶೇ. 81ರಷ್ಟು ಕೆಲಸ ಮಾಡುತ್ತೆ ಅಂತ ಕಂಪನಿ ಮಾರ್ಚಲ್ಲಿ ಹೇಳಿದ್ದು ಮಧ್ಯಂತರ ಲೆಕ್ಕ, ಮೂರನೇ ಹಂತದ ಪ್ರಯೋಗದ ಪೂರ್ತಿ ವರದಿ ಇನ್ನೂ ಬಂದಿಲ್ಲ. ಜನವರೀಲಿ ಅದಕ್ಕೆ ಒಪ್ಪಿಗೆ ಕೊಟ್ಟಾಗ ಅದೂ ಇರಲಿಲ್ಲ, ನನಗೂ ಆಗ ಸಿಟ್ಟು ಬಂದಿತ್ತು. ಇದನ್ನೆಲ್ಲ ನಿಮ್ಮಿಂದ ಮುಚ್ಚಿಡಲ್ಲ. ಆದ್ರೂ 71 ವರ್ಷ, ಶುಗರ್ ಬೇರೆ, ಒಂದೇ ಡೋಸಿಗೆ ನಿಲ್ಲಿಸಬೇಡಿ ಅಂತ ಕಾಲು ಹಿಡಿದು ಕೇಳ್ತೀನಿ

ಮೈಸೂರತ್ತೆ: ಕೋವಿಶೀಲ್ಡ್ ಆದ್ರೆ ರಕ್ತ ಹೆಪ್ಪುಗಟ್ಟುತ್ತೆ, ಇದಾದ್ರೆ ಕರು. ಯಾವುದೂ ಬೇಡಪ್ಪ, ಕಷಾಯ ಕುಡ್ಕೊಂಡು ಮನೇಲಿರೋದು ವಾಸಿ

ಬೆಳಗಾವಿ ಅಣ್ಣ: ಕರು ಅಂದಾಗ ನೆನಪಾಯ್ತು. ಇಲ್ಲಿ ಟಿಳಕವಾಡೀಲಿ ನಾನು ವಾಕಿಂಗ್ ಹೋಗೋ ಜಾಗದ ಹೆಸರೇ ವ್ಯಾಕ್ಸಿನ್ ಡಿಪೋ. ಮರಗಳು ಅಂದ್ರೆ ಅಂಥಾ ಮರಗಳು. ಬಂದ ಹೊಸದ್ರಲ್ಲಿ ಇದೇನು ಹೆಸರು ಅಂತ ಒಬ್ಬ ಹಿರಿಯರನ್ನ ಕೇಳಿದ್ದೆ. ಸಿಡುಬಿನ ಲಸಿಕೆ ಇಲ್ಲೇ ತಯಾರಾಗ್ತಿತ್ತಂತೆ, ಕರುಗಳ ಚರ್ಮದ ಮೇಲೆ ಬೆಳೆಸಿ. ದೇಶದಲ್ಲಿ ಅಂಥ ನಾಲ್ಕೇ ಕಡೆ ಒಣ ಲಸಿಕೆ ಮಾಡ್ತಿದ್ರು, ಅದ್ರಲ್ಲಿ ಬೆಳಗಾವೀನೂ ಒಂದು. ದೊಡ್ಡಪ್ಪ ನಿಮ್ಮ ಎಡತೋಳಲ್ಲಿ ಎರಡು ಗುಂಡಗಿನ ಕಲೆ ಇದೆಯಲ್ಲ, ನಾವು ಚಿಕ್ಕವರಿದ್ದಾಗ ಬೆರಳಿಟ್ಟು ನೋಡ್ತಿದ್ವಿ

ನಾನು: ಅಣ್ಣ ನಿಜವಾಗ್ಲೂ? ಹಾಗಾದ್ರೆ ದೊಡ್ಡಪ್ಪನ ತೋಳಿಗೆ ಹಾಕಿದ್ದು ಎಲ್ಲಿಂದ ಬಂದಿದ್ರೂ ಅದನ್ನ ಮಾಡಿದ ರೀತಿ ಕರುವಿನ ಮೇಲೇನೇ

ಬೆಳಗಾವಿ ಅಣ್ಣ: ದಾಕು, ಅಂದ್ರೆ ಸಿಡುಬಿನ ಲಸಿಕೆ, ಹಾಕೋರು ಬಂದ್ರು ಅಂದ್ರೆ ಊರೆಲ್ಲ ಖಾಲಿ ಆಗ್ತಿತ್ತು ಅಂತ ಅಜ್ಜಿ ಹೇಳೋರು. ಅಟ್ಟದ ಮೇಲೆ ಹುಣಸೆಹಣ್ಣಿನ ಮಡಕೆ ಹಿಂದೆ ಅಡಗ್ತಿದ್ರಂತೆ. ಆ ಅಟ್ಟದ ವಾಸನೆ ನಂಗಿನ್ನೂ ಮೂಗಲ್ಲಿದೆ. ಮಳೆಗಾಲದಲ್ಲಿ ಅಲ್ಲೇ ಹಲಸಿನ ಬೀಜ ಸುಟ್ಕೊಂಡು ತಿಂತಿದ್ವಿ, ಚಿನ್ನು ನೆನಪಿದೆಯೇನೇ

ಟೆಕ್ಸಾಸ್ ಚಿನ್ನು: ಅಯ್ಯೋ ಬೀಜ ಸಿಡಿದು ನನ್ನ ಫ್ರಾಕ್ ಸುಟ್ಟಿತ್ತಲ್ಲ. ಅಟ್ಟದ ಏಣಿ ಈಗ್ಲೂ ಇದೆಯಾ

ಹಾಸನ ದೊಡ್ಡಪ್ಪ: ಏಣಿ ಇದೆ. ಅಟ್ಟದಲ್ಲಿ ಅಡಗಿದ್ದವನು ನಾನೇ. ಅಮ್ಮ ಮೇಲೆ ಹತ್ತಿ ಬಂದು ರಟ್ಟೆ ಹಿಡಿದು ಇಳಿಸಿದಳು. ನನಗಿಂತ ಮುಂಚೆ ಹುಟ್ಟಿದ್ದ ಅಣ್ಣ ಸಿಡುಬಿನಲ್ಲಿ ಹೋಗಿದ್ದ. ಅವನನ್ನು ಬಾಳೆಎಲೆಯ ಮೇಲೆ ಮಲಗಿಸಿದ್ದೆ ಎಂದು ಹೇಳುತ್ತಿದ್ದಳು, ಅದಕ್ಕಿಂತ ಹೆಚ್ಚು ಏನನ್ನೂ ಹೇಳುತ್ತಿರಲಿಲ್ಲ.

ಮೈಸೂರತ್ತೆ: ಅಮ್ಮಂಗೆ ಇದು ಕರುವಿಂದು ಅಂತ ಗೊತ್ತಿದ್ರೆ ಹಾಕಿಸ್ತಿರಲಿಲ್ಲ

ಹಾಸನ ದೊಡ್ಡಪ್ಪ: ಗೊತ್ತಿತ್ತು. ಊರಿಗೇ ಗೊತ್ತಿತ್ತು.

ನಾನು: ಅತ್ತೆ ರಕ್ತ ಹೆಪ್ಪುಗಟ್ಟೋದು ಅಂದ್ರಲ್ಲ, ಅದೂ ಪೂರ್ತಿ ಸುಳ್ಳಲ್ಲ. ಆದ್ರೆ ಎಷ್ಟು? ಹೋದ ತಿಂಗಳು ಸರ್ಕಾರದ ಸಮಿತಿ ಲೆಕ್ಕ ಕೊಟ್ಟಿದೆ, ಹತ್ತು ಲಕ್ಷ ಡೋಸಿಗೆ 0.61. ಅಂದ್ರೆ ಹತ್ತು ಲಕ್ಷಕ್ಕೆ ಒಂದು ಕೂಡ ಅಲ್ಲ. ಮಾರ್ಚಲ್ಲಿ ಡೆನ್ಮಾರ್ಕ್‌ನವರು ಇದೇ ಲಸಿಕೆ ನಿಲ್ಲಿಸಿದ್ರು ಅನ್ನೋ ಸುದ್ದಿ ಮಾತ್ರ ನಮ್ಮ ಗುಂಪಿಗೆ ಬಂತು, ಈ ಲೆಕ್ಕ ಯಾರೂ ಹಾಕ್ಲಿಲ್ಲ

ಬೆಳಗಾವಿ ಅಣ್ಣ: ಮಾರ್ಚಲ್ಲಿ ಹಾಕಿದ್ದು ಯಾರು ಅಂತ ಎಲ್ಲರಿಗೂ ಗೊತ್ತು

ಮೈಸೂರತ್ತೆ: ಏನು ಹಾಗಂದ್ರೆ? ನೇರವಾಗಿ ಹೇಳು. ನನ್ನ ಸ್ವಂತ ತಮ್ಮಂಗೆ ನಾನು ಕೆಟ್ಟದ್ದು ಬಯಸ್ತೀನಾ? ಅವನು ಹೋದಾಗಿಂದ ನಂಗೆ ರಾತ್ರಿ ನಿದ್ದೆ ಇಲ್ಲ, ನೀನು ಒಂದು ಫೋನ್ ಮಾಡಿದ್ಯಾ? ನಾನು ಸುದ್ದಿ ಕಳಿಸಿದೆ ಅಷ್ಟೆ, ಹೋಗ್ಬೇಡ ಅಂತ ಹೇಳ್ಲಿಲ್ಲ

ಬೆಳಗಾವಿ ಅಣ್ಣ: ಹೇಳಿದ್ರಿ

ಮೈಸೂರತ್ತೆ: ಹೇಳ್ಲಿಲ್ಲ!! ಅಣ್ಣ ನೀನೇ ಹೇಳು

ನಾನು: ದಯವಿಟ್ಟು ಇಬ್ರೂ ನಿಲ್ಸಿ

ತುಮಕೂರು ಚಿಕ್ಕಪ್ಪ (9:47): ನಾನು, ಚಿಕ್ಕಮ್ಮ. ಅವರ ಫೋನಿಂದ ಹಾಕ್ತಿದೀನಿ, ಇದನ್ನ ಆಫ್ ಮಾಡೋಕೆ ಮನಸ್ಸು ಬರ್ತಿಲ್ಲ, ದಿನಾ ಚಾರ್ಜಿಗೆ ಹಾಕ್ತೀನಿ. ಮೇಲಕ್ಕೆ ಹೋಗಿ ಹುಡುಕಿದೆ. ಮಾರ್ಚ್ 13, ಶನಿವಾರ. ಅತ್ತಿಗೆ ಸುದ್ದಿ ಕಳಿಸಿದಾರೆ, ಬೇಡ ಅಂತ ಬರೆದಿಲ್ಲ. ಅದರ ಕೆಳಗೆ ಭಾವ, ನೀವು ‘ಸ್ವಲ್ಪ ದಿನ ಕಾದು ನೋಡು’ ಅಂತ ಬರೆದಿದೀರ. ಇವರು ‘ಸರಿ ಅಣ್ಣ’ ಅಂದಿದಾರೆ. ಸೋಮವಾರ ಬೆಳಿಗ್ಗೆ 10 ಗಂಟೆಗೆ ಇವರ ಟೈಮ್ ಬುಕ್ ಆಗಿತ್ತು, 250 ರೂಪಾಯಿ. ಒಳ್ಳೇದಾಯ್ತು, ಹೋಗೋದು ಬೇಡ ಬಿಡಿ ಅಂತ ನಾನೇ ಹೇಳಿದೆ, ಅದು ಫೋನಲ್ಲಿ ಇಲ್ಲ, ಅದಕ್ಕೆ ಬರೀತಿದೀನಿ. ಏಪ್ರಿಲ್ ಕೊನೇಲಿ ಜ್ವರ ಬಂತು. ಮೇ 6. ಹಾಕಿಸಿದ್ರೆ ಉಳೀತಿದ್ರು ಅಂತ ಯಾರು ಹೇಳಬೇಕು, ನಂಗೆ ಗೊತ್ತಿಲ್ಲ. ಯಾರು ಏನಂದ್ರು ಅಂತ ಈ ಗುಂಪಲ್ಲಿ ಇನ್ಮೇಲೆ ಎಣಿಸಬೇಡಿ. ಭಾವ, ನೀವು ನಾಳೆ ಹೋಗಿ.

ನಾನೂ ಆಮೇಲೆ ಏನೂ ಬರೀಲಿಲ್ಲ. ದೊಡ್ಡಪ್ಪ ಏನೋ ಟೈಪ್ ಮಾಡ್ತಿದಾರೆ ಅಂತ ತೋರಿಸ್ತಿತ್ತು, ನಿಲ್ತಿತ್ತು, ಮತ್ತೆ ತೋರಿಸ್ತಿತ್ತು.

ಹಾಸನ ದೊಡ್ಡಪ್ಪ (10:31): ಆಶಾ ಕಾರ್ಯಕರ್ತೆ ಒಂಬತ್ತೂವರೆಗೆ ಬರಲು ಹೇಳಿದ್ದಾರೆ. ಆಧಾರ್ ಕಾರ್ಡಿನ ಜೊತೆ ಇನ್ನೇನು ಬೇಕು?

ನಾನು: ಮೊದಲ ಡೋಸಿನ ಎಸ್ಸೆಮ್ಮೆಸ್ ಇರೋ ಫೋನು. ಲಾಕ್‌ಡೌನ್ 21ರವರೆಗೂ ಇದೆಯಲ್ಲ, ಪೊಲೀಸರು ನಿಲ್ಲಿಸಿದ್ರೂ ಅದನ್ನೇ ತೋರಿಸಿ. ತಿಂಡಿ ತಿಂದು, ಶುಗರ್ ಮಾತ್ರೆ ತಗೊಂಡೇ ಹೊರಡಿ. ಅಗಲ ತೋಳಿನ ಶರಟು ಹಾಕ್ಕೊಳ್ಳಿ

ಮೈಸೂರತ್ತೆ: ಕರುವಿನ ವಿಷಯ ನಂಗಿನ್ನೂ ಒಪ್ಪಿಲ್ಲ. ಅಣ್ಣ ಬರುವಾಗ ಬಿಸಿಲಿರುತ್ತೆ, ಕೊಡೆ ತಗೊಂಡು ಹೋಗು

ಹಾಸನ ದೊಡ್ಡಪ್ಪ: ಆಗಲಿ. ತುಮಕೂರಿನ ಫೋನ್ ಆನ್ ಇರಲಿ ಅಮ್ಮಾ, ಹಾಕಿಸಿಕೊಂಡ ಮೇಲೆ ಅದಕ್ಕೇ ಮಾಡುತ್ತೇನೆ.