ಒಂಬತ್ತನೇ ಕ್ಲಾಸಿನ ಮಗಳು 'ಫ್ರೆಂಡ್ಸ್' ನೋಡಬಹುದಾ?

ವಿದ್ಯಾನಗರ, ಹುಬ್ಬಳ್ಳಿ:
ಮಗಳು ರಜೆಗೆ ಬೆಂಗಳೂರಿನ ಅಕ್ಕನ ಮನೆಗೆ ಹೋದಾಗ 'ಫ್ರೆಂಡ್ಸ್' ಅನ್ನುವ ಅಮೆರಿಕದ ಕಾಮಿಡಿ ಸೀರಿಯಲ್ ನೋಡಲು ಶುರು ಮಾಡಿದಳು. ಈಗ ಇಲ್ಲೂ ಅದೇ ಬೇಕಂತೆ. ಕ್ಲಾಸಿನಲ್ಲಿ ಎಲ್ಲರೂ ನೋಡುತ್ತಾರಂತೆ. ನಾವು ಕಾಲೇಜಿಗೆ ಹೋಗುವಾಗ 'ಸಿಲ್ಲಿ ಲಲ್ಲಿ' ಹಾಕಿದರೆ ಅಜ್ಜಿಯಿಂದ ಹಿಡಿದು ಎಲ್ಲರೂ ಒಟ್ಟಿಗೆ ಕೂತು ನಗುತ್ತಿದ್ದೆವು. ಇದು ಹಾಗಿಲ್ಲ.

ಮೊದಲ ಎಪಿಸೋಡ್ ನಾನೇ ನೋಡಿದೆ. ಅದರ ಆರು ಜನ ಗೆಳೆಯ-ಗೆಳತಿಯರಲ್ಲಿ ಒಬ್ಬಳಾದ ಮೋನಿಕಾ ಒಬ್ಬನ ಜೊತೆ ಡೇಟ್‌ಗೆ ಹೋಗುತ್ತಾಳೆ. ಹೆಂಡತಿ ಬಿಟ್ಟು ಹೋದಾಗಿನಿಂದ ನನ್ನ ಕೈಲಿ ಏನೂ ಆಗಿಲ್ಲ ಅಂತ ಅವನು ಅಳುಮುಖ ಮಾಡುತ್ತಾನೆ. ಇವಳು ಕರಗುತ್ತಾಳೆ, ಅವನು ರಾತ್ರಿ ಅಲ್ಲೇ ಉಳಿಯುತ್ತಾನೆ. ಮರುದಿನ ನೋಡಿದರೆ ಅದೆಲ್ಲ ಸುಳ್ಳು, ಇವಳ ಜೊತೆ ಕೆಲಸ ಮಾಡುವವಳಿಗೂ ಆಗಲೇ ಗೊತ್ತಿದೆ. ಹಾಲ್‌ನಲ್ಲಿ ಟಿವಿ, ಪಕ್ಕದಲ್ಲೇ ಅತ್ತೆಯವರ ಮಂಚ. ಹದಿನಾಲ್ಕರ ಹುಡುಗಿಗೆ ಇದು ಸರಿನಾ? ಪೂರ್ತಿ ನೋಡಿದವರು ಹೇಳಿ.

ಸಪ್ತಾಪುರ, ಧಾರವಾಡ:
ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹತ್ತೂ ಸೀಸನ್ ನೋಡಿದ್ದೇನೆ. ನೀವು ಜೊತೆಗೆ ಕೂರುವುದಾದರೆ ತೋರಿಸಿ. ಆದರೆ ನೀವು ಹೆದರಿರುವ ಜಾಗ ಬೇರೆ, ಹುಷಾರಾಗಿರಬೇಕಾದ ಜಾಗ ಬೇರೆ.

ಅದೇ ಮೊದಲ ಎಪಿಸೋಡ್ ತೊಗೊಳ್ಳಿ. ಮೋಸ ಗೊತ್ತಾದ ಮೇಲೆ ಮೋನಿಕಾ ಅವನ ವಾಚನ್ನು ನೆಲಕ್ಕೆ ಹಾಕಿ ತುಳಿಯುತ್ತಾಳೆ. ಕನಿಕರ ಹುಟ್ಟಿಸಿ ಕೆಲಸ ಸಾಧಿಸುವ ಗಂಡಸರು ಇರುತ್ತಾರೆ ಅನ್ನೋದು ನಿಮ್ಮ ಮಗಳಿಗೆ ಗೊತ್ತಿರಲೇಬೇಕು. ಅದನ್ನು ಎದುರಿಗೆ ಕೂರಿಸಿ ಹೇಳಲು ನಮಗೆ ಬಾಯಿ ಬರುವುದಿಲ್ಲ. ಇಲ್ಲಿ ಮಾತು ತೆಗೆಯಲು ಒಂದು ನೆಪ ಸಿಗುತ್ತದೆ. ಮದುವೆ ಬಿಟ್ಟು ಓಡಿಬಂದ ಅವಳ ಗೆಳತಿ ರೇಚಲ್ ಅಪ್ಪನ ಕ್ರೆಡಿಟ್ ಕಾರ್ಡುಗಳನ್ನೆಲ್ಲ ಕತ್ತರಿಸಿ ಹಾಕುವುದೂ ಇದೇ ಎಪಿಸೋಡಿನಲ್ಲಿ. ಆಮೇಲೆ ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ. ನಮ್ಮ ಹುಡುಗಿಯರು ಅದನ್ನು ನೋಡಲಿ ಅಂತ ನನಗೆ ನಿಜವಾಗಿಯೂ ಆಸೆ.

ನನಗೆ ಜಾಸ್ತಿ ಕಾಡುವುದು ಮೂರನೇ ಸೀಸನ್. ರೇಚಲ್‌ಗೆ ಹೊಸ ಕೆಲಸ ಸಿಗುತ್ತದೆ. ಅಲ್ಲಿ ಜೊತೆಗೆ ಕೆಲಸ ಮಾಡುವ ಮಾರ್ಕ್ ಮೇಲೆ ಅವಳ ಬಾಯ್‌ಫ್ರೆಂಡ್ ರಾಸ್‌ಗೆ ಸಂಶಯ. ಅವಳ ಆಫೀಸಿಗೆ ಸಾಲುಸಾಲಾಗಿ ಉಡುಗೊರೆ ಕಳಿಸುತ್ತಾನೆ, ಹಾಡುವವರ ತಂಡವನ್ನೇ ಕಳಿಸುತ್ತಾನೆ. ಇವಳು ನನ್ನವಳು ಅಂತ ಎಲ್ಲರಿಗೂ ಗೊತ್ತಾಗಲಿ ಅಂತ. ಅವಳು ಕೆಲಸ ಮೈಮೇಲೆ ಬಿದ್ದು ಒದ್ದಾಡುವ ರಾತ್ರಿ, ಬೇಡ ಅಂದರೂ ಬುತ್ತಿ ಹಿಡಿದು ಆಫೀಸಿಗೇ ಬರುತ್ತಾನೆ. ಜನ ನಗುತ್ತಾರೆ. ಈ ಸೀರಿಯಲ್ ಶೂಟ್ ಮಾಡಿದ್ದೇ ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡು. ಆ ನಗು ಕೇಳಿದಾಗ ಮಕ್ಕಳಿಗೆ ಇದೂ ಒಂದು ಥರದ ಪ್ರೀತಿ ಅನಿಸಿಬಿಡುತ್ತದೆ. ಯಾರ ಜೊತೆ ಮಾತಾಡಿದೆ, ವಾಟ್ಸಾಪ್‌ನಲ್ಲಿ ಲಾಸ್ಟ್ ಸೀನ್ ಯಾಕೆ ತೆಗೆದೆ ಅಂತ ಹುಡುಗಿಯನ್ನು ನಿಲ್ಲಿಸಿ ಕೇಳುವ ಹುಡುಗರನ್ನು ನಾನು ಇಲ್ಲಿನ ಕೋಚಿಂಗ್ ಕ್ಲಾಸುಗಳ ಮುಂದೆ ದಿನಾ ನೋಡುತ್ತೇನೆ. ಹುಡುಗಿ ತಲೆ ತಗ್ಗಿಸಿ ಉತ್ತರ ಕೊಡುತ್ತಿರುತ್ತಾಳೆ. ಆ ಎಪಿಸೋಡ್ ಬಂದಾಗ ಮಗಳನ್ನು ಒಂದು ಮಾತು ಕೇಳಿ: ನೀನು ರೇಚಲ್ ಜಾಗದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆ?

ಇನ್ನೊಂದು, ಮೋನಿಕಾ ಚಿಕ್ಕವಳಿದ್ದಾಗ ದಪ್ಪಗಿದ್ದಳು ಅಂತ ತೋರಿಸುವ ದೃಶ್ಯಗಳು. ಎರಡನೇ ಸೀಸನ್ನಿನಿಂದ ಶುರು. ಅಲ್ಲಿ ನಗು ಬರುವುದು ಬರೀ ಅವಳ ಮೈ ನೋಡಿ. ಈ ವಯಸ್ಸಿನಲ್ಲಿ ದಪ್ಪ ಅನ್ನಿಸಿಕೊಂಡ ಹುಡುಗಿ ಡಬ್ಬಿಯ ಚಪಾತಿ ಹಾಗೇ ವಾಪಸ್ ಮನೆಗೆ ಒಯ್ಯುತ್ತಾಳೆ. ಆರು ಜನರಲ್ಲಿ ಇನ್ನೊಬ್ಬನಾದ ಚಾಂಡ್ಲರ್‌ನ ಟ್ರಾನ್ಸ್‌ಜೆಂಡರ್ ತಂದೆಯ ಪಾತ್ರದ ಮೇಲಿನ ಜೋಕುಗಳೂ ಹಾಗೇ. ಆ ಪಾತ್ರದ ವಿಷಯದಲ್ಲಿ ತಪ್ಪಾಯಿತು ಅಂತ ಬರೆದವರಲ್ಲಿ ಒಬ್ಬರಾದ ಮಾರ್ತಾ ಕಾಫ್‌ಮನ್ ಅವರೇ 2022ರಲ್ಲಿ ಹೇಳಿದ್ದಾರೆ. ಇದನ್ನು ಮಗಳಿಗೂ ಹೇಳಿ.

ಬೆಟಗೇರಿ, ಗದಗ:
ವಯಸ್ಸಿನ ಗುರುತು ನೋಡಿದಿರಾ? 2021ರ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಗಳು ಬಂದ ಮೇಲೆ ಒಟಿಟಿಯವರು ಯು, ಯು/ಎ 7+, ಯು/ಎ 13+, ಯು/ಎ 16+, ಎ ಅಂತ ಹಾಕಲೇಬೇಕು. ಯಾಕೆ ಆ ಗುರುತು ಅಂತಲೂ ಬರೆದಿರುತ್ತಾರೆ, ಭಾಷೆನೋ ಸೆಕ್ಸೋ ಹಿಂಸೆನೋ. 13+ ಮತ್ತು ಅದಕ್ಕೂ ಮೇಲಿನದಕ್ಕೆ ಪೇರೆಂಟಲ್ ಲಾಕ್ ಇರುತ್ತದೆ. ಮಗಳಿಗೆ ಬೇರೆ ಪ್ರೊಫೈಲ್ ಮಾಡಿ, ನಿಮ್ಮದಕ್ಕೆ ಪಿನ್ ಹಾಕಿ. ಆದರೆ ಸಪ್ತಾಪುರದ ಟೀಚರ್ ಹೇಳಿದ ರಾಸ್‌ನ ಸಂಶಯಕ್ಕೆ ಯಾವ ಗುರುತೂ ಇಲ್ಲ. ಅಮೆರಿಕದಲ್ಲಿ ಟಿವಿಗೆ ಇಂಥ ಗುರುತು ಶುರುವಾಗಿದ್ದೇ 1997ರಲ್ಲಿ. ಈ ಸೀರಿಯಲ್ ಬಂದದ್ದು 1994ರಲ್ಲಿ.

ರಾಣೆಬೆನ್ನೂರು:
ನಾನು ಒಪ್ಪುವುದಿಲ್ಲ. ಜೊತೆಗೆ ಕೂತು ನೋಡಿ ಅನ್ನುವುದು ಚಂದ, ಕೂರಲು ಹೊತ್ತು ಎಲ್ಲಿದೆ? ನಮ್ಮದು ಬೀಜದ ಅಂಗಡಿ. ಮುಂಗಾರು ಬಂತೆಂದರೆ ನಾನು ಮನೆ ಸೇರುವಷ್ಟರಲ್ಲಿ ಮಗ ಊಟ ಮಾಡಿ ಮಲಗಿರುತ್ತಾನೆ. 236 ಎಪಿಸೋಡ್, ಒಂದೊಂದು 22 ನಿಮಿಷ ಅಂದರೂ 80 ಗಂಟೆ ದಾಟುತ್ತದೆ. ಒಂದು ಮುಗಿದರೆ ಇನ್ನೊಂದು ತಾನೇ ಓಡುತ್ತದೆ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಬೇಡ ಅಂತ ಹೇಳಿದ್ದೇನೆ, ಅವನೂ ಕೇಳಿದ್ದಾನೆ.

ಸಪ್ತಾಪುರ, ಧಾರವಾಡ:
ನಿಮ್ಮ ಮಾತು ಖರೆ. ಜೊತೆಗೆ ಕೂರಲು ಆಗದಿದ್ದರೆ ಕಾಯುವುದೇ ಒಳ್ಳೆಯದು. ಕೂರುವವರೂ ಮೊದಲು ಆಟೋಪ್ಲೇ ಬಂದ್ ಮಾಡಿ.

ವಿದ್ಯಾನಗರ, ಹುಬ್ಬಳ್ಳಿ:
ಎಲ್ಲರಿಗೂ ಧನ್ಯವಾದ. ಭಾನುವಾರ ಎರಡೆರಡು ಎಪಿಸೋಡ್, ನಾನು ಪಕ್ಕದಲ್ಲೇ, ಸಬ್‌ಟೈಟಲ್ ಹಾಕಿ ಸೌಂಡ್ ಕಡಿಮೆ. ಹೀಗೆ ಅಂತ ಮಗಳ ಹತ್ತಿರ ಮಾತಾಯಿತು. ಒಂದೇ ಅನುಮಾನ ಉಳಿದಿದೆ. ಎರಡನೇ ಸೀಸನ್ನಿನಲ್ಲಿ ರಾಸ್‌ನ ಮೊದಲ ಹೆಂಡತಿ ಇನ್ನೊಬ್ಬ ಹೆಂಗಸನ್ನೇ ಮದುವೆ ಆಗುತ್ತಾಳಂತಲ್ಲ, ಅದನ್ನು ಬಿಟ್ಟು ಮುಂದೆ ಹೋಗಲಾ?

ಸಪ್ತಾಪುರ, ಧಾರವಾಡ:
ದಯವಿಟ್ಟು ಬಿಡಬೇಡಿ. ತಂದೆತಾಯಿ ಬರುವುದಿಲ್ಲ ಅಂದದ್ದಕ್ಕೆ ಕ್ಯಾರಲ್ ಮದುವೆಯೇ ಬೇಡ ಅಂತ ಕೂತಿರುತ್ತಾಳೆ. ಆಗ ಸಮಾಧಾನ ಹೇಳಿ ಒಪ್ಪಿಸುವವನು ರಾಸ್. ಆ ದಿನ ಅವಳ ಕೈ ಹಿಡಿದು ಮದುವೆಗೆ ಕರೆದುಕೊಂಡು ಹೋಗುವವನೂ ಅವನೇ. 1996ರಲ್ಲಿ ಟಿವಿಗೆ ಇಂಥದ್ದು ಬರೆದರಲ್ಲ ಅಂತ ನನಗೆ ಈಗಲೂ ಗೌರವ ಇದೆ. ಮೂರನೇ ಸೀಸನ್ನಿನ ರಾಸ್‌ನನ್ನು ನೋಡುವ ಮುಂಚೆ ಮಗಳು ಈ ರಾಸ್‌ನನ್ನೂ ನೋಡಿರಲಿ.